ಮಾರ್ಸೆಲ್ ಟೋಲ್ಕೋವ್ಸ್ಕಿ

ಮಾರ್ಸೆಲ್ ಟೋಲ್ಕೋವ್ಸ್ಕಿ (ಡಿಸೆಂಬರ್ 25, 1899 – ಫೆಬ್ರವರಿ 10, 1991) ಬೆಲ್ಜಿಯಂ ದೇಶದ ಎಂಜಿನಿಯರ್. ದುಂಡು ಬ್ರಿಲಿಯಂಟ್ ಕಟ್ ವಜ್ರವು ಹೆಚ್ಚು ಬೆಳಕನ್ನು ನೋಡುವವರ ಕಣ್ಣಿಗೆ ಹಿಂತಿರುಗಿಸಬೇಕಾದರೆ ಅದರ ಮುಖಗಳು ಯಾವ ಕೋನದಲ್ಲಿರಬೇಕೆಂಬುದನ್ನು ಗಣಿತದ ಮೂಲಕ ವಿವರಿಸಿದ ಇವರನ್ನು ಆಧುನಿಕ ಬ್ರಿಲಿಯಂಟ್ ಕಟ್‌ನ ಜನಕ ಎಂದು ಕರೆಯುವುದು ವಾಡಿಕೆ.

ಜೀವನ

ಟೋಲ್ಕೋವ್ಸ್ಕಿ ಆಂಟ್ವರ್ಪ್ ನಗರದಲ್ಲಿ ಜನಿಸಿದರು. ಪೋಲೆಂಡ್ ಮೂಲದ ಈ ಯಹೂದಿ ಕುಟುಂಬಕ್ಕೆ ವಜ್ರಕ್ಕೆ ಸಾಣೆ ಹಿಡಿಯುವುದೇ ಕುಲಕಸುಬಾಗಿತ್ತು. ಅವರು ಎಂಜಿನಿಯರಿಂಗ್ ಕಲಿತು, ಲಂಡನ್ ವಿಶ್ವವಿದ್ಯಾಲಯದಲ್ಲಿ ವಜ್ರದ ಸವೆತ ಮತ್ತು ಸಾಣೆಯನ್ನು ಕುರಿತು ಸಂಶೋಧನೆ ನಡೆಸಿದರು. ‘ಡೈಮಂಡ್ ಡಿಸೈನ್’ ಎಂಬ ಅವರ ಚಿಕ್ಕ ಪುಸ್ತಕವು 1919ರಲ್ಲಿ ಲಂಡನ್‌ನಲ್ಲಿ ಪ್ರಕಟವಾಯಿತು. ಆಗ ಅವರಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ.

ತೂಕ ಮತ್ತು ಬೆಳಕು

ವಜ್ರವು ಮಾರಾಟವಾಗುವುದು ತೂಕದ ಲೆಕ್ಕದಲ್ಲಿ; ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ಗಣಿಯಿಂದ ದೊರೆಯುವ ಒಳ್ಳೆಯ ಹರಳು ಸಾಮಾನ್ಯವಾಗಿ ಎಂಟು ಮುಖಗಳುಳ್ಳದ್ದು; ಆ ಮುಖಗಳು ನಡುವಿನ ಸಮತಲಕ್ಕೆ ಸುಮಾರು 54.7 ಡಿಗ್ರಿ ಓರೆಯಾಗಿರುತ್ತವೆ. ಈ ಓರೆಯನ್ನು ಆದಷ್ಟು ಉಳಿಸಿಕೊಂಡರೆ ತೂಕ ಉಳಿಯುತ್ತದೆ, ಆದರೆ ಬೆಳಕು ತಳದಿಂದ ಸೋರಿಹೋಗುತ್ತದೆ. ಓರೆಯನ್ನು ತಗ್ಗಿಸಿದರೆ ಹೊಳಪು ಹೆಚ್ಚುತ್ತದೆ, ಬೆಲೆಬಾಳುವ ಹರಳು ಸಾಣೆಯಲ್ಲಿ ಪುಡಿಯಾಗುತ್ತದೆ. ಎಷ್ಟು ಕಳೆದುಕೊಳ್ಳುವುದು ಸರಿ ಎಂಬ ಪ್ರಶ್ನೆಯನ್ನು ಕುಶಲಕರ್ಮಿಗಳು ತಲೆಮಾರುಗಳಿಂದ ಕಣ್ಣಳತೆಯಿಂದಲೇ ತೀರ್ಮಾನಿಸುತ್ತಿದ್ದರು. ಬಾಸ್ಟನ್ನಿನ ಹೆನ್ರಿ ಮೋರ್ಸ್ ಅವರು ತೂಕದ ಆಸೆ ಬಿಟ್ಟು ಹೊಳಪಿಗಾಗಿ ಕತ್ತರಿಸುವ ರೂಢಿಯನ್ನು 19ನೆಯ ಶತಮಾನದಲ್ಲೇ ಆರಂಭಿಸಿದ್ದರು. ಹೀಗಾಗಿ ಟೋಲ್ಕೋವ್ಸ್ಕಿ ಹೊಸ ಆಕಾರವೊಂದನ್ನು ಕಂಡುಹಿಡಿದರು ಎನ್ನುವುದಕ್ಕಿಂತ, ಇದ್ದ ಆಕಾರಕ್ಕೆ ಕಾರಣವನ್ನು ಕೊಟ್ಟರು ಎನ್ನುವುದು ಸರಿಯಾದೀತು.

ಲೆಕ್ಕಾಚಾರ

ವಜ್ರದ ವಕ್ರೀಭವನ ಸೂಚ್ಯಂಕ ಸುಮಾರು 2.417, ಅದರ ಕ್ರಾಂತಿಕೋನ 24 ಡಿಗ್ರಿ 26 ನಿಮಿಷ. ಒಳಗಿನ ಕಿರಣವು ಇದಕ್ಕಿಂತ ಹೆಚ್ಚಿನ ಪತನಕೋನದಲ್ಲಿ ಮುಖವನ್ನು ತಾಕಿದರೆ ಹೊರಬೀಳದೆ ಪೂರ್ಣವಾಗಿ ಪ್ರತಿಫಲಿಸುತ್ತದೆ. ಮೇಲಿನಿಂದ ಬಂದ ಬೆಳಕು ಕೆಳಭಾಗವಾದ ಪೆವಿಲಿಯನ್‌ನ ಒಂದು ಬದಿಗೆ, ಅನಂತರ ಎದುರು ಬದಿಗೆ ತಾಕಿ ಮೇಲಕ್ಕೆ ಮರಳಬೇಕು. ಎಲ್ಲ ದಿಕ್ಕಿನ ಕಿರಣಗಳೂ ಮೊದಲ ಬದಿಯಲ್ಲಿ ಪೂರ್ಣವಾಗಿ ಪ್ರತಿಫಲಿಸಲು ಪೆವಿಲಿಯನ್‌ನ ಓರೆ 48 ಡಿಗ್ರಿ 52 ನಿಮಿಷಕ್ಕೆ ಕಡಿಮೆಯಿರಬಾರದು. ಎರಡನೆಯ ಬದಿಯಲ್ಲೂ ಹಾಗೆಯೇ ಆಗಲು 43 ಡಿಗ್ರಿ 43 ನಿಮಿಷವನ್ನು ಮೀರಬಾರದು. ಎರಡೂ ಷರತ್ತುಗಳನ್ನು ಒಮ್ಮೆಗೇ ಪೂರೈಸುವುದು ಅಸಾಧ್ಯ. ಆದುದರಿಂದ ಪರಿಪೂರ್ಣ ವಜ್ರವೆಂಬುದು ಒಂದು ಹೊಂದಾಣಿಕೆಯೇ ಆಗಿದೆ. ಬಿಳಿಯ ಹೊಳಪನ್ನೂ ವರ್ಣವಿಭಜನೆಯಿಂದ ಮೂಡುವ ಬಣ್ಣದ ಮಿಂಚನ್ನೂ ಒಟ್ಟಿಗೆ ತೂಗಿನೋಡಿ ಅವರು ಪೆವಿಲಿಯನ್‌ಗೆ 40 ಡಿಗ್ರಿ 45 ನಿಮಿಷ, ಮೇಲ್ಭಾಗವಾದ ಕ್ರೌನ್‌ಗೆ 34 ಡಿಗ್ರಿ 30 ನಿಮಿಷ, ಟೇಬಲ್ ಎಂಬ ಸಮತಟ್ಟು ಮುಖಕ್ಕೆ ವಜ್ರದ ವ್ಯಾಸದ ಶೇ. 53 ಎಂಬ ಅಳತೆಗಳನ್ನು ಸೂಚಿಸಿದರು. ಅಷ್ಟಕ್ಕೇ ನಿಲ್ಲದೆ, ತೂಕದ ಚಿಂತೆಯಿಲ್ಲದೆ ಕತ್ತರಿಸಿದ್ದ ಒಳ್ಳೆಯ ವಜ್ರಗಳನ್ನು ಅಳೆದು ಹೋಲಿಸಿದರು. ನುರಿತ ಕೈಗಳು ಕಣ್ಣಳತೆಯಲ್ಲಿ ತಲುಪಿದ್ದ ಕೋನಗಳು ಲೆಕ್ಕಕ್ಕೆ ಬಹಳ ಹತ್ತಿರವಿದ್ದವು.

ಸಣ್ಣ ವಜ್ರಗಳಲ್ಲಿ

0.10 ಕ್ಯಾರೆಟ್‌ನ ದುಂಡು ವಜ್ರದ ವ್ಯಾಸ ಸುಮಾರು 3 ಮಿಲಿಮೀಟರ್. ಟೋಲ್ಕೋವ್ಸ್ಕಿಯವರ ಅಳತೆಯಂತೆ ಅದರ ಟೇಬಲ್ 1.6 ಮಿಲಿಮೀಟರ್‌ನಷ್ಟೇ. ಮುಖಗಳು ಇಷ್ಟು ಕಿರಿದಾದಾಗ ಬಣ್ಣದ ಮಿಂಚುಗಳೂ ಕಿರಿದಾಗಿ ದೂರದಿಂದ ಕಾಣಿಸುವುದಿಲ್ಲ, ಬಿಳಿಯ ಹೊಳಪೇ ಮುಖ್ಯವಾಗುತ್ತದೆ. ಕೋನಗಳು ತಪ್ಪಿದ್ದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಗುರುತು ಸಿಗುತ್ತದೆ. ಪೆವಿಲಿಯನ್ ಆಳ ಸಾಲದಿದ್ದರೆ ನಡುಪಟ್ಟಿಯ ಪ್ರತಿಬಿಂಬವು ಟೇಬಲ್‌ನೊಳಗೆ ಮೀನುಕಣ್ಣಿನಂತಹ ಬೆಳ್ಳನೆಯ ಬಳೆಯಾಗಿ ಕಾಣುತ್ತದೆ. ಆಳ ಮಿತಿಮೀರಿದರೆ ನಡುಭಾಗ ಮೊಳೆಯ ತಲೆಯಂತೆ ಕಪ್ಪಾಗುತ್ತದೆ. ನಡುಪಟ್ಟಿಯನ್ನು ದಪ್ಪವಾಗಿ ಉಳಿಸಿದ ವಜ್ರಕ್ಕೆ ತೂಕಕ್ಕೆ ತಕ್ಕ ಅಗಲ ಇರುವುದಿಲ್ಲ. ಕೊಂಡವರು ಕಾಣದ ತೂಕಕ್ಕೆ ಹಣ ತೆತ್ತಂತಾಗುತ್ತದೆ. ಇಂದು ಜಗತ್ತಿನ ಸಣ್ಣ ವಜ್ರಗಳಲ್ಲಿ ಬಹುಪಾಲು ಸಾಣೆ ಕಾಣುವುದು ಗುಜರಾತಿನ ಸೂರತ್‌ನಲ್ಲಿ.

ಮಿತಿಗಳು ಮತ್ತು ಪ್ರಭಾವ

ಅವರ ಲೆಕ್ಕ ಎರಡು ಆಯಾಮಗಳದ್ದು. ನಡುಪಟ್ಟಿಗೆ ದಪ್ಪವೇ ಇಲ್ಲವೆಂದು ಅದು ಭಾವಿಸಿತ್ತು, ಚಿಕ್ಕ ಮುಖಗಳ ಪಾತ್ರವನ್ನು ಬಹುಮಟ್ಟಿಗೆ ಬದಿಗಿಟ್ಟಿತ್ತು. ಆದರೂ ಅಮೆರಿಕದಲ್ಲಿ ಈ ಅಳತೆಗಳು ‘ಐಡಿಯಲ್ ಕಟ್’ ಎಂಬ ಹೆಸರು ಪಡೆದು ಗುಣಮಟ್ಟದ ಶ್ರೇಣೀಕರಣಕ್ಕೆ ಆಧಾರವಾದವು. ಕ್ರಮೇಣ ಮಾರಾಟಗಾರರ ಬಾಯಲ್ಲಿ ಮೀರಬಾರದ ನಿಯಮದಂತಾದವು. ಅಮೆರಿಕದ ರತ್ನಶಾಸ್ತ್ರ ಸಂಸ್ಥೆಯಾದ ಜಿಐಎ 1998ರಲ್ಲಿ ಪ್ರಕಟಿಸಿದ ಕಂಪ್ಯೂಟರ್ ಅಧ್ಯಯನವು, ಬೇರೆ ಬೇರೆ ಕೋನಗಳ ಹಲವು ಜೋಡಣೆಗಳಿಂದಲೂ ಉತ್ತಮ ಹೊಳಪು ಸಾಧ್ಯವೆಂದು ತೋರಿಸಿತು. ಜಿಐಎ 2006ರಲ್ಲಿ ಜಾರಿಗೆ ತಂದ ಕಟ್ ಶ್ರೇಣಿಯು ಒಂದೇ ಅಳತೆಗೆ ಅಂಟಿಕೊಳ್ಳಲಿಲ್ಲ. ಹಾಗಿದ್ದರೂ ಟೋಲ್ಕೋವ್ಸ್ಕಿಯವರ ಅಂಕಿಗಳು ಅದರ ಅತ್ಯುತ್ತಮ ಶ್ರೇಣಿಯ ಸಮೀಪದಲ್ಲೇ ಇವೆ.

ಟೋಲ್ಕೋವ್ಸ್ಕಿ ಮುಂದೆ ಅಮೆರಿಕಕ್ಕೆ ತೆರಳಿ, ನ್ಯೂಯಾರ್ಕ್‌ನಲ್ಲಿ ನಿಧನರಾದರು. ಅದೇ ವಂಶದ ಗೇಬಿ ಟೋಲ್ಕೋವ್ಸ್ಕಿ 273.85 ಕ್ಯಾರೆಟ್ ತೂಕದ ಸೆಂಟೆನರಿ ವಜ್ರವನ್ನು ಕತ್ತರಿಸಿದರು.