ಸ್ವೆತೊಸ್ಲಾವ್ ರೋರಿಚ್: ಹಿಮಾಲಯದಿಂದ ತಾತಗುಣಿಗೆ

1964ರಿಂದಲೂ ಕಲಾಶಿಕ್ಷಣದ ಪರಂಪರೆಯುಳ್ಳ ದಾವಣಗೆರೆಯಂಥ ಊರಿನಲ್ಲಿಯೂ ಸ್ವೆತೊಸ್ಲಾವ್ ರೋರಿಚ್ ಅವರ ಪರಿಚಯ ಬಹುಮಟ್ಟಿಗೆ ಎರಡೇ ಸಂಗತಿಗಳಿಗೆ ಸೀಮಿತವಾಗಿದೆ: ಅವರು ನಟಿ ದೇವಿಕಾರಾಣಿಯವರ ಪತಿ, ವ್ಯಾಜ್ಯಕ್ಕೊಳಗಾದ ತೋಟವೊಂದರ ಒಡೆಯರು. ಹಿಮಾಲಯದ ಬೌದ್ಧ ಪ್ರದೇಶಗಳೊಡನೆ ಅವರಿಗಿದ್ದ ಸಂಬಂಧವನ್ನು ಮುಂದಿಟ್ಟುಕೊಂಡು ಅವರ ಬದುಕನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ರೋರಿಚ್ ಜನಿಸಿದ್ದು 1904ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತಂದೆ ನಿಕೋಲಸ್ ರೋರಿಚ್ ಪ್ರಸಿದ್ಧ ಚಿತ್ರಕಾರರು. 1923ರ ಕೊನೆಯಲ್ಲಿ ಕುಟುಂಬ ಭಾರತಕ್ಕೆ ಬಂದು ಡಾರ್ಜಿಲಿಂಗ್‌ನಲ್ಲಿ ನೆಲೆಸಿತು. ಸಿಕ್ಕಿಮ್‌ನ ಬೌದ್ಧ ವಿಹಾರಗಳ ದರ್ಶನವೂ ಆಯಿತು. 1925ರಿಂದ 1928ರವರೆಗೆ ತಂದೆ, ತಾಯಿ ಹೆಲೆನಾ ಹಾಗೂ ಅಣ್ಣ ಯೂರಿ ಲಡಾಖ್, ಮಂಗೋಲಿಯಾ, ಟಿಬೆಟ್‌ಗಳ ಮೂಲಕ ಕೈಗೊಂಡ ಮಹಾಯಾತ್ರೆಯ ಕೀರ್ತಿಯನ್ನು ಇಡೀ ಕುಟುಂಬಕ್ಕೆ ಸಲ್ಲಿಸುವುದು ವಾಡಿಕೆ. ಆದರೆ ಆ ಅವಧಿಯಲ್ಲಿ ಸ್ವೆತೊಸ್ಲಾವ್ ಅಮೆರಿಕದಲ್ಲಿದ್ದರು. ಆದ್ದರಿಂದ ಅವರ ಹಿಮಾಲಯವನ್ನು ತಂದೆಯ ಹಿಮಾಲಯದಿಂದ ಬೇರ್ಪಡಿಸಿ ನೋಡುವುದು ಅಗತ್ಯ.

1931ರಲ್ಲಿ ಅವರು ಕುಲ್ಲು ಕಣಿವೆಯ ನಗ್ಗರ್‌ಗೆ ಬಂದು ನೆಲೆಸಿದರು. ಅಲ್ಲಿ ಕುಟುಂಬದವರು 1928ರಲ್ಲಿ ಸ್ಥಾಪಿಸಿದ್ದ ಉರುಸ್ವತಿ ಸಂಶೋಧನಾ ಸಂಸ್ಥೆಯಲ್ಲಿ ಔಷಧಿ ಸಸ್ಯಗಳ ಹಾಗೂ ಟಿಬೆಟ್ಟಿನ ವೈದ್ಯಪದ್ಧತಿಯ ಅಧ್ಯಯನದಲ್ಲಿ ತೊಡಗಿದರು. ಸುಮಾರು 13,000 ಅಡಿ ಎತ್ತರದ ರೋಹ್ತಾಂಗ್ ಕಣಿವೆದಾರಿಯ ಆಚೆಗಿರುವ ಲಾಹೌಲ್ ಸಂಸ್ಥೆಯ ಕಾರ್ಯಕ್ಷೇತ್ರವಾಗಿತ್ತು. ಮಳೆ ಕಡಿಮೆಯಾದ ಆ ಒರಟು ನೆಲದಲ್ಲಿ ಗಿಡಮೂಲಿಕೆಯ ಅರಿವು ಸ್ಥಳೀಯ ವೈದ್ಯರ ಬಳಿಯೂ ಬೌದ್ಧ ವಿಹಾರಗಳ ಪರಂಪರೆಯಲ್ಲಿಯೂ ಉಳಿದಿತ್ತು. ಹೀಗಾಗಿ ಅಲ್ಲಿ ಪ್ರಕೃತಿಯ ಅಧ್ಯಯನವೂ ಸಂಸ್ಕೃತಿಯ ಅಧ್ಯಯನವೂ ಬೇರೆಬೇರೆಯಾಗಿರಲು ಸಾಧ್ಯವಿರಲಿಲ್ಲ. ಅವರ ಚಿತ್ರಗಳಲ್ಲಿ ಪರ್ವತದಷ್ಟೇ ಪ್ರಾಮುಖ್ಯ ಅದರ ಮಡಿಲಿನ ಮನುಷ್ಯರಿಗೂ ದೊರೆತಿರುವುದು ಗಮನಾರ್ಹ.

1945ರಲ್ಲಿ ದೇವಿಕಾರಾಣಿಯವರೊಡನೆ ವಿವಾಹವಾಯಿತು. 1947ರಲ್ಲಿ ತಂದೆ ನಗ್ಗರ್‌ನಲ್ಲಿ ನಿಧನರಾದ ಬಳಿಕ ದಂಪತಿ ಬೆಂಗಳೂರಿನತ್ತ ಬಂದರು. ಕನಕಪುರ ರಸ್ತೆಯ ತಾತಗುಣಿಯ ತೋಟದಲ್ಲಿ ಸುಗಂಧ ತೈಲ ನೀಡುವ ಲಿನಲೋ ಮರಗಳನ್ನು ಬೆಳೆಸಿದರು. ಕುಲ್ಲುವಿನಲ್ಲಿ ಸಸ್ಯಗಳ ಬಗ್ಗೆ ಮೂಡಿದ್ದ ಆಸಕ್ತಿ ಕನ್ನಡದ ನೆಲದಲ್ಲಿ ಮುಂದುವರಿದ ಬಗೆಯಿದು. ಸಂಸತ್ತಿನ ಸೆಂಟ್ರಲ್ ಹಾಲ್‌ಗೆ ನೆಹರೂ ಅವರ ಭಾವಚಿತ್ರ ರಚಿಸಿದ ಈ ಕಲಾವಿದರಿಗೆ 1961ರಲ್ಲಿ ಪದ್ಮಭೂಷಣ ಸಂದಿತು. ಎಂ.ಎಸ್. ನಂಜುಂಡರಾವ್ ಅವರು ಕಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತಿನೊಡನೆ ಅವರ ನಂಟು ನಿಕಟವಾಗಿತ್ತು. ತಂದೆ-ಮಗನ ಕೃತಿಗಳು ಅಲ್ಲಿ ಸಂಗ್ರಹಗೊಂಡಿವೆ.

1993ರ ಜನವರಿ 30ರಂದು ರೋರಿಚ್ ಬೆಂಗಳೂರಿನಲ್ಲಿ ನಿಧನರಾದರು. ಮರುವರ್ಷ ದೇವಿಕಾರಾಣಿಯವರೂ ತೀರಿಕೊಂಡರು. ತೋಟದ ಸ್ವಾಧೀನಕ್ಕಾಗಿ 1996ರಲ್ಲಿ ರಾಜ್ಯ ಸರ್ಕಾರ ರೂಪಿಸಿದ ಕಾಯಿದೆಯನ್ನು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಎತ್ತಿಹಿಡಿಯಿತು. ಭೂಮಿಯ ಪ್ರಶ್ನೆಯೇ ಹೀಗೆ ದೀರ್ಘಕಾಲ ಮುನ್ನೆಲೆಯಲ್ಲಿದ್ದುದರಿಂದ ಬದುಕಿನ ಪ್ರಶ್ನೆ ಹಿಂದೆ ಸರಿಯಿತು. ಹಿಮಾಲಯವನ್ನು ಬರಿಯ ಯಾತ್ರಾಸ್ಥಳವಾಗಿ ಕಾಣದೆ ಗಿಡ, ಮನುಷ್ಯ, ವಿಹಾರಗಳು ಕೂಡಿದ ಜ್ಞಾನಲೋಕವಾಗಿ ಗ್ರಹಿಸಿದವರೊಬ್ಬರು ಕನ್ನಡ ನಾಡಿನಲ್ಲಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬಾಳಿದರು. ನಮ್ಮ ಪ್ರವಾಸಸಾಹಿತ್ಯದ ಹಾಗೂ ಸಂಸ್ಕೃತಿಯ ಅಧ್ಯಯನಗಳು ಅವರನ್ನು ಒಳಗೊಳ್ಳಬೇಕಾಗಿದೆ.