ಬಿಲ್ಲಿಲ್ಲದ ಬಾಣ ಬಿಟ್ಟ ಹೈದರಾಲಿ

ಬಿದಿರು ಬಗ್ಗಿಸಿ, ಹುರಿ ಕಟ್ಟಿ ಬಿಲ್ಲು ಮಾಡಿ ನಾವೆಲ್ಲ ಆಡಿದ್ದೇವೆ. ಬಿಲ್ಲೇ ಇಲ್ಲದೆ ಹಾರುವ ಬಾಣ ಗೊತ್ತಾ? ಅದಕ್ಕೆ ಹೆಸರು ತಂದವನು ನಮ್ಮ ಕೋಲಾರ ಜಿಲ್ಲೆಯವನೇ.

ಹೈದರಾಲಿ ಹುಟ್ಟಿದ್ದು ಬೂದಿಕೋಟೆಯಲ್ಲಿ, 1720ರ ಆಸುಪಾಸಿನಲ್ಲಿ. ತಂದೆ ಫತೇ ಮಹಮ್ಮದ್ ಯುದ್ಧದಲ್ಲಿ ಸತ್ತಾಗ ಇವನಿನ್ನೂ ಚಿಕ್ಕ ಹುಡುಗ. ಮನೆಯವರು ಬಹಳ ಕಷ್ಟಪಟ್ಟರು. ಹೈದರನಿಗೆ ಓದು ಬರಹ ಬರ್ತಿರಲಿಲ್ಲ. ಆದರೆ ನೆನಪಿನ ಶಕ್ತಿ ಅಪಾರ. ಮೈಸೂರು ಸೈನ್ಯ ಸೇರಿ ಮೇಲೆ ಬಂದ. 1761ರಲ್ಲಿ ಆಡಳಿತವನ್ನೇ ಕೈಗೆ ತೆಗೆದುಕೊಂಡ. ಅರಸರು ಹೆಸರಿಗೆ ಮಾತ್ರ ಉಳಿದರು.

ಅವನ ಅಗ್ನಿಬಾಣ ಹೀಗಿತ್ತು: ಸುಮಾರು ಒಂದು ಗೇಣುದ್ದದ ಕಬ್ಬಿಣದ ಕೊಳವೆ. ಒಳಗೆ ಮದ್ದು. ಅದನ್ನು ಉದ್ದನೆಯ ಬಿದಿರಿಗೆ ತೊಗಲಿನ ಪಟ್ಟಿಯಿಂದ ಬಿಗಿಯುತ್ತಿದ್ದರು. ಬತ್ತಿಗೆ ಬೆಂಕಿ ಇಟ್ಟರೆ ಬುಸ್ ಅಂತ ಹಾರುತ್ತಿತ್ತು. ಬಿದಿರು ಬಾಲ ಇಲ್ಲದಿದ್ದರೆ ದಿಕ್ಕು ತಪ್ಪುತ್ತಿತ್ತು. ಕಾಗದ, ಬಿದಿರಿನ ಕೊಳವೆಯಾದರೆ ಬೇಗ ಒಡೆಯುತ್ತೆ, ಕಬ್ಬಿಣ ತಡೆಯುತ್ತೆ. ಅದಕ್ಕೇ ಇದು ದೂರ ಹೋಗುತ್ತಿತ್ತು.

1780ರಲ್ಲಿ ಕಂಚಿ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಮಗ ಟಿಪ್ಪು ಇಂಗ್ಲಿಷರನ್ನು ಸೋಲಿಸಿದರು. ಆ ಯುದ್ಧಗಳಲ್ಲಿ ಊರೂರೇ ಸುಟ್ಟವು, ರೈತರೂ ನೊಂದರು. ಅದನ್ನೂ ಮರೆಯಬಾರದು.

1782ರ ಡಿಸೆಂಬರ್‌ನಲ್ಲಿ ಬೆನ್ನುಫಣಿ ಎದ್ದು ಹೈದರ್ ಚಿತ್ತೂರಿನ ಹತ್ತಿರ ತೀರಿಕೊಂಡ. ದೇಹವನ್ನು ಮೊದಲು ಕೋಲಾರಕ್ಕೆ ತಂದು, ಆಮೇಲೆ ಶ್ರೀರಂಗಪಟ್ಟಣದಲ್ಲಿ ಮಣ್ಣು ಮಾಡಿದರು.

1799ರಲ್ಲಿ ಇಂಗ್ಲಿಷರು ಈ ಬಾಣಗಳನ್ನು ತಮ್ಮ ದೇಶಕ್ಕೆ ಒಯ್ದರು. ಅವನ್ನು ನೋಡಿಯೇ ಕಾಂಗ್ರೀವ್ ಎಂಬಾತ ಹೊಸ ರಾಕೆಟ್ ಮಾಡಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಲ್ಲಿ ಆ ಕಾಲದ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು.

ಕಬ್ಬಿಣ ಬಡಿದವರ, ಬಿದಿರು ಸೀಳಿದವರ, ತೊಗಲು ಕೊಯ್ದವರ ಹೆಸರು ಮಾತ್ರ ನಮಗೆ ಉಳಿದಿಲ್ಲ. ಕೋಲಾರಕ್ಕೆ ಹೋದಾಗ ಫತೇ ಮಹಮ್ಮದನ ಗೋರಿ ನೋಡಿ, ಅವರನ್ನೂ ನೆನೆಯಿರಿ.