ಸಾಕ್ಷ್ಯದ ಬೆನ್ನು ಹತ್ತಿ: ಐಡಾ ಬಿ. ವೆಲ್ಸ್ ಅವರ ಬದುಕು ಮತ್ತು ಪರಂಪರೆ

1

ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟವೆಂದೊಡನೆ ನಮ್ಮ ಓದುಗರಿಗೆ ಸಾಮಾನ್ಯವಾಗಿ ನೆನಪಾಗುವುದು 1955ರ ಮಾಂಟ್ಗೊಮೆರಿ ಬಸ್ ಬಹಿಷ್ಕಾರ, ರೋಸಾ ಪಾರ್ಕ್ಸ್ ಮತ್ತು ಮಾರ್ಟಿನ್ ಲೂಥರ್ ಕಿಂಗ್. ಆದರೆ ಆ ಚಳವಳಿಗೆ ದೀರ್ಘವಾದ ಪೂರ್ವಚರಿತ್ರೆಯೊಂದಿದೆ. ಬಸ್ ಬಹಿಷ್ಕಾರಕ್ಕೆ ಎಪ್ಪತ್ತು ವರ್ಷಗಳ ಹಿಂದೆಯೇ ರೈಲಿನಲ್ಲಿ ತನ್ನ ಆಸನವನ್ನು ಬಿಟ್ಟುಕೊಡಲೊಪ್ಪದೆ ನ್ಯಾಯಾಲಯದ ಮೆಟ್ಟಿಲೇರಿದ ಕಪ್ಪು ಶಿಕ್ಷಕಿಯೊಬ್ಬರಿದ್ದರು. ಅವರೇ ಐಡಾ ಬಿ. ವೆಲ್ಸ್ (1862-1931). ಪತ್ರಕರ್ತೆ, ಸಂಘಟಕಿ, ಮಹಿಳಾ ಮತಾಧಿಕಾರದ ಪ್ರತಿಪಾದಕಿ ಎಂದು ಅವರನ್ನು ಹಲವು ಬಗೆಯಲ್ಲಿ ಗುರುತಿಸಲಾಗಿದೆ. ಈ ಎಲ್ಲ ಪಾತ್ರಗಳ ಹಿಂದೆ ಕೆಲಸ ಮಾಡಿರುವುದು ಒಂದು ವಿಧಾನ. ಆಳುವವರ ದಾಖಲೆಗಳನ್ನೇ ಮುಂದಿಟ್ಟುಕೊಂಡು ಆಳುವವರ ಕಥನವನ್ನು ಪ್ರಶ್ನಿಸುವುದು ಆ ವಿಧಾನ. ಐಡಾ ಅವರಿಗೆ ಸಂಶೋಧನೆ ಮತ್ತು ಹೋರಾಟ ಬೇರೆ ಬೇರೆಯಾಗಿರಲಿಲ್ಲ ಎಂಬುದನ್ನು ಅವರ ಬದುಕಿನ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಐಡಾ ಹುಟ್ಟಿದ್ದು 1862ರ ಜುಲೈ 16ರಂದು, ಮಿಸಿಸಿಪಿ ರಾಜ್ಯದ ಹಾಲಿ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ. ಆಗ ಅವರ ತಂದೆತಾಯಿಗಳಿಬ್ಬರೂ ಗುಲಾಮರಾಗಿದ್ದರು. ತಂದೆ ಜೇಮ್ಸ್ ಬಡಗಿ. ತಾಯಿ ಎಲಿಜಬೆತ್ ಅಡುಗೆ ಕೆಲಸದವರು. ಅಂತರ್ಯುದ್ಧ ಮುಗಿದು 1865ರಲ್ಲಿ ಗುಲಾಮಗಿರಿ ರದ್ದಾಯಿತು. ಬಿಡುಗಡೆಯಾದ ಜನ ಮೊದಲು ಬಯಸಿದ್ದರಲ್ಲಿ ಶಿಕ್ಷಣವೂ ಒಂದು. ಹಾಲಿ ಸ್ಪ್ರಿಂಗ್ಸ್‌ನಲ್ಲಿ ಅವರಿಗಾಗಿ ತೆರೆದ ವಿದ್ಯಾಸಂಸ್ಥೆಯ ಆಡಳಿತದಲ್ಲಿ ಜೇಮ್ಸ್ ಅವರೂ ಇದ್ದರು. ಐಡಾ ಓದಿದ್ದೂ ಅಲ್ಲಿಯೇ.

1878ರಲ್ಲಿ ಹಳದಿ ಜ್ವರದ ಪಿಡುಗು ಆ ಊರಿಗೆ ಬಂದಾಗ ತಂದೆ, ತಾಯಿ ಮತ್ತು ಎಳೆಯ ತಮ್ಮ ತೀರಿಕೊಂಡರು. ಉಳಿದ ಮಕ್ಕಳನ್ನು ಬೇರೆ ಬೇರೆ ಮನೆಗಳಿಗೆ ಹಂಚಿಬಿಡುವುದೆಂದು ಹಿರಿಯರು ಯೋಚಿಸಿದರು. ಹದಿನಾರರ ಐಡಾ ಅದಕ್ಕೆ ಒಪ್ಪಲಿಲ್ಲ. ತನಗೆ ಹದಿನೆಂಟು ತುಂಬಿದೆಯೆಂದು ಹೇಳಿ ಹಳ್ಳಿಯ ಶಾಲೆಯೊಂದರಲ್ಲಿ ಕೆಲಸ ಹಿಡಿದು ತಮ್ಮ ತಂಗಿಯರನ್ನು ಸಾಕಿದರು. ಮುಂದೆ ಕೆಲವು ವರ್ಷಗಳಲ್ಲಿ ಅವರ ಬದುಕು ಟೆನೆಸ್ಸಿ ರಾಜ್ಯದ ಮೆಂಫಿಸ್ ನಗರಕ್ಕೆ ಸ್ಥಳಾಂತರಗೊಂಡಿತು.

ಗುಲಾಮಗಿರಿ ಹೋದರೂ ಸಮಾನತೆ ಬಂದಿರಲಿಲ್ಲ. ಸಾರ್ವಜನಿಕ ಸ್ಥಳಗಳಲ್ಲಿ ವರ್ಣಭೇದವನ್ನು ನಿಷೇಧಿಸಿದ್ದ 1875ರ ನಾಗರಿಕ ಹಕ್ಕುಗಳ ಕಾಯಿದೆಯನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1883ರಲ್ಲಿ ಅಸಿಂಧುವೆಂದು ಸಾರಿತು. ಈ ಕಾಲದಲ್ಲಿಯೇ ಐಡಾ ಮಹಿಳೆಯರ ಬೋಗಿಯ ಟಿಕೆಟ್ ಕೊಂಡು ಪ್ರಯಾಣಿಸುತ್ತಿದ್ದಾಗ ರೈಲಿನ ಅಧಿಕಾರಿಯು ಅವರನ್ನು ಬೇರೆ ಬೋಗಿಗೆ ಹೋಗುವಂತೆ ಆಜ್ಞಾಪಿಸಿದನು. ಅವರು ಒಪ್ಪದಿದ್ದಾಗ ಬಲವಂತವಾಗಿ ಹೊರಗೆಳೆಯಲಾಯಿತು. ರೈಲ್ವೆ ಕಂಪನಿಯ ಮೇಲೆ ಅವರು ಹೂಡಿದ ದಾವೆಯಲ್ಲಿ ಕೆಳ ನ್ಯಾಯಾಲಯವು 1884ರಲ್ಲಿ 500 ಡಾಲರ್ ಪರಿಹಾರ ಕೊಡಿಸಿತು. ಆದರೆ 1887ರಲ್ಲಿ ಟೆನೆಸ್ಸಿಯ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಕಾನೂನಿನ ಮೇಲೆ ಭರವಸೆ ಇಟ್ಟಿದ್ದ ತರುಣಿಗೆ ಇದು ದೊಡ್ಡ ಆಘಾತವಾಗಿತ್ತು. ಈ ಅನುಭವವನ್ನು ಪತ್ರಿಕೆಗೆ ಬರೆದದ್ದರಿಂದ ಅವರ ಬರವಣಿಗೆಯ ಬದುಕಿಗೂ ಚಾಲನೆ ದೊರೆಯಿತು. 1889ರಲ್ಲಿ ಮೆಂಫಿಸ್‌ನ 'ಫ್ರೀ ಸ್ಪೀಚ್' ಪತ್ರಿಕೆಯ ಪಾಲುದಾರರೂ ಸಂಪಾದಕರೂ ಆದರು. ಕಪ್ಪು ಮಕ್ಕಳ ಶಾಲೆಗಳ ದುಃಸ್ಥಿತಿಯನ್ನು ಟೀಕಿಸಿ ಬರೆದುದಕ್ಕಾಗಿ 1891ರಲ್ಲಿ ಶಿಕ್ಷಕಿಯ ಕೆಲಸವನ್ನು ಕಳೆದುಕೊಂಡರು.

3

ಐಡಾ ಅವರ ಬದುಕನ್ನು ತಿರುಗಿಸಿದ ಘಟನೆ ನಡೆದದ್ದು 1892ರ ಮಾರ್ಚ್‌ನಲ್ಲಿ. ಮೆಂಫಿಸ್‌ನ ಹೊರವಲಯದಲ್ಲಿ ಕಪ್ಪು ಜನರು ಸೇರಿ 'ಪೀಪಲ್ಸ್ ಗ್ರಾಸರಿ' ಎಂಬ ದಿನಸಿ ಅಂಗಡಿಯನ್ನು ನಡೆಸುತ್ತಿದ್ದರು. ಅದರ ಮುಖ್ಯಸ್ಥರಾಗಿದ್ದ ಟಾಮಸ್ ಮಾಸ್ ಅಂಚೆಯವರು, ಐಡಾ ಅವರ ಆಪ್ತ ಗೆಳೆಯರು. ಆ ಪ್ರದೇಶದ ವ್ಯಾಪಾರ ಅದುವರೆಗೆ ಬಿಳಿಯ ವರ್ತಕನೊಬ್ಬನ ಕೈಯಲ್ಲಿತ್ತು. ಪೈಪೋಟಿ ಜಗಳವಾಗಿ, ಜಗಳ ಗುಂಡಿನ ಚಕಮಕಿಯಾಗಿ ಬೆಳೆಯಿತು. ಮಾಸ್ ಮತ್ತು ಅವರ ಇಬ್ಬರು ಜೊತೆಗಾರರನ್ನು ಸೆರೆಮನೆಗೆ ಹಾಕಲಾಯಿತು. ಮಾರ್ಚ್ 9ರ ನಸುಕಿನಲ್ಲಿ ಬಿಳಿಯರ ಗುಂಪು ಸೆರೆಮನೆಗೆ ನುಗ್ಗಿ ಮೂವರನ್ನೂ ಹೊರಗೆಳೆದೊಯ್ದು ಕೊಂದಿತು.

ವಿಚಾರಣೆಯಿಲ್ಲದೆ ಗುಂಪು ಸೇರಿ ಕೊಲ್ಲುವ ಇಂಥ ಕೃತ್ಯಕ್ಕೆ 'ಲಿಂಚಿಂಗ್' ಎಂದು ಹೆಸರು. ಇದಕ್ಕೆ ದಕ್ಷಿಣದ ಬಿಳಿಯ ಸಮಾಜ ಒಂದು ಸಮರ್ಥನೆಯನ್ನು ಸಿದ್ಧವಾಗಿಟ್ಟಿತ್ತು. ಬಿಳಿಯ ಮಹಿಳೆಯರ ಮೇಲೆ ಕಪ್ಪು ಗಂಡಸರು ಎಸಗುವ ಅತ್ಯಾಚಾರವೇ ಈ ಹತ್ಯೆಗಳಿಗೆ ಕಾರಣವೆಂಬುದು ಆ ಸಮರ್ಥನೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಗುಂಪಿನ ಕ್ರೌರ್ಯವನ್ನು ಒಪ್ಪದಿದ್ದರೂ ಆ ಕಾರಣವನ್ನು ಅದುವರೆಗೆ ತಾವೂ ಹೆಚ್ಚುಕಡಿಮೆ ನಂಬಿದ್ದುದಾಗಿ ಐಡಾ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಯಜಮಾನ ಸಂಕಥನವು ದಮನಿತರ ತಿಳಿವಳಿಕೆಯೊಳಗೂ ನೆಲೆಯೂರುತ್ತದೆ ಎಂಬುದಕ್ಕೆ ಇದು ನಿದರ್ಶನ. ಮಾಸ್ ಅವರ ಮೇಲೆ ಅಂಥ ಯಾವ ಆರೋಪವೂ ಇರಲಿಲ್ಲ. ಅವರು ಮಾಡಿದ್ದ ಅಪರಾಧವೆಂದರೆ ಅಂಗಡಿಯೊಂದನ್ನು ಚೆನ್ನಾಗಿ ನಡೆಸಿದ್ದು. ಹಾಗಾದರೆ ಉಳಿದ ಹತ್ಯೆಗಳ ನಿಜವಾದ ಕಾರಣವೇನು ಎಂಬ ಪ್ರಶ್ನೆ ಐಡಾ ಅವರನ್ನು ಶೋಧಕ್ಕೆ ಹಚ್ಚಿತು.

ಗೆಳೆಯನ ಸಾವಿಗೆ ಅವರ ಪ್ರತಿಕ್ರಿಯೆ ಎರಡು ದಿಕ್ಕುಗಳಲ್ಲಿತ್ತು. ಒಂದೆಡೆ, ನ್ಯಾಯ ದೊರೆಯದ ಮೆಂಫಿಸ್ ನಗರವನ್ನು ತೊರೆಯುವಂತೆ ಪತ್ರಿಕೆಯಲ್ಲಿ ಕರೆ ಕೊಟ್ಟರು. ಹಲವರು ಒಕ್ಲಹಾಮಾದ ಕಡೆಗೆ ವಲಸೆ ಹೋದರು. ಉಳಿದವರು ಟ್ರಾಮ್ ಗಾಡಿಗಳನ್ನು ಹತ್ತುವುದನ್ನು ಬಿಟ್ಟರು. ಇನ್ನೊಂದೆಡೆ, ವರದಿಯಾದ ಗುಂಪುಹತ್ಯೆಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಕೆಲವು ಸ್ಥಳಗಳಿಗೆ ತಾವೇ ಹೋಗಿ ವಿಚಾರಿಸಿದರು. ಅತ್ಯಾಚಾರವೆಂದು ಸಾರಲಾದ ಹಲವು ಪ್ರಕರಣಗಳಲ್ಲಿ ಇದ್ದುದು ಪರಸ್ಪರ ಒಪ್ಪಿಗೆಯ ಸಂಬಂಧವೆಂಬ ಸೂಚನೆಯನ್ನು 1892ರ ಮೇ ತಿಂಗಳ ಸಂಪಾದಕೀಯದಲ್ಲಿ ಕೊಟ್ಟರು. ಆಗ ಅವರು ಊರಿನಲ್ಲಿರಲಿಲ್ಲ. ಮೇ 27ರಂದು ಗುಂಪೊಂದು 'ಫ್ರೀ ಸ್ಪೀಚ್' ಕಚೇರಿಯನ್ನು ಧ್ವಂಸಮಾಡಿತು. ಮರಳಿ ಬಂದರೆ ಕೊಲ್ಲುವುದಾಗಿ ಬೆದರಿಕೆ ಬಂದುದರಿಂದ ಐಡಾ ನ್ಯೂಯಾರ್ಕ್‌ನಲ್ಲಿಯೇ ಉಳಿದರು.

4

ಅದೇ ವರ್ಷ ಅವರ 'ಸದರ್ನ್ ಹಾರರ್ಸ್' ಕಿರುಹೊತ್ತಗೆ ಹೊರಬಂದಿತು. ಅದರ ಪ್ರಕಟಣೆಗೆ ನ್ಯೂಯಾರ್ಕ್ ಮತ್ತು ಬ್ರೂಕ್ಲಿನ್‌ನ ಕಪ್ಪು ಮಹಿಳೆಯರು ಹಣ ಕೂಡಿಸಿಕೊಟ್ಟರು. 1895ರಲ್ಲಿ ಬಂದ 'ಎ ರೆಡ್ ರೆಕಾರ್ಡ್' ಇನ್ನೂ ವಿಸ್ತಾರವಾದುದು. ಅದರಲ್ಲಿ ಅಂಕಿಅಂಶಗಳ ಪಟ್ಟಿಗಳಿವೆ. ಹತರಾದವರ ಹೆಸರು, ದಿನಾಂಕ, ಸ್ಥಳ ಮತ್ತು ಹೊರಿಸಲಾದ ಆರೋಪಗಳಿವೆ. ಈ ಮಾಹಿತಿಯನ್ನು ಐಡಾ ಆಯ್ದುಕೊಂಡದ್ದು ಬಿಳಿಯರದೇ ಪತ್ರಿಕೆಯಾದ 'ಷಿಕಾಗೊ ಟ್ರಿಬ್ಯೂನ್' ಪ್ರಕಟಿಸುತ್ತಿದ್ದ ವಾರ್ಷಿಕ ಪಟ್ಟಿಗಳಿಂದ. ಇದು ಬೇಕೆಂದೇ ಮಾಡಿದ ಆಯ್ಕೆ. ಕಪ್ಪು ಜನರ ಸಾಕ್ಷ್ಯವನ್ನು ಉತ್ಪ್ರೇಕ್ಷೆಯೆಂದು ತಳ್ಳಿಹಾಕುವುದು ಸುಲಭವಾಗಿತ್ತು. ಬಿಳಿಯರೇ ಅಚ್ಚುಮಾಡಿದ ಅಂಕಿಗಳನ್ನು ಹಾಗೆ ತಳ್ಳಿಹಾಕುವಂತಿರಲಿಲ್ಲ. ಆ ಲೆಕ್ಕದಂತೆ 1892ರಲ್ಲಿ 241 ಜನ ಗುಂಪುಹತ್ಯೆಗೆ ಬಲಿಯಾಗಿದ್ದರು. ಅವರಲ್ಲಿ 160 ಮಂದಿ ಕಪ್ಪು ಜನರು. ಹತರಾದವರಲ್ಲಿ ಸುಮಾರು ಮೂರನೆಯ ಒಂದು ಭಾಗದವರ ಮೇಲೆ ಮಾತ್ರವೇ ಅತ್ಯಾಚಾರದ ಆರೋಪವಾದರೂ ಇತ್ತೆಂದು ಅವರು ತೋರಿಸಿಕೊಟ್ಟರು. ಕಪ್ಪು ಜನರ ಆರ್ಥಿಕ ಏಳಿಗೆ ಮತ್ತು ರಾಜಕೀಯ ಹಕ್ಕನ್ನು ಭಯದಿಂದ ಹತ್ತಿಕ್ಕುವ ಉಪಾಯವಾಗಿ ಈ ಹತ್ಯೆಗಳನ್ನು ಕಾಣಬೇಕೆಂಬುದು ಅವರ ಶೋಧದ ಫಲಿತ.

ಈ ಶೋಧವನ್ನು ಅವರು ದೇಶದಾಚೆಗೂ ಒಯ್ದರು. 1893 ಮತ್ತು 1894ರಲ್ಲಿ ಬ್ರಿಟನ್ನಿನಲ್ಲಿ ಉಪನ್ಯಾಸ ಪ್ರವಾಸ ಕೈಗೊಂಡರು. ಮೊದಲ ಪ್ರವಾಸಕ್ಕೆ ಆಹ್ವಾನಿಸಿದವರಲ್ಲಿ ಸಾಮರ್ಸೆಟ್‌ನ ಕ್ಯಾಥರಿನ್ ಇಂಪಿ ಒಬ್ಬರು. ಆಕೆ 1888ರಲ್ಲಿ ಆರಂಭಿಸಿದ ಪತ್ರಿಕೆಯ ಹೆಸರು 'ಆಂಟಿ-ಕಾಸ್ಟ್', ಅಂದರೆ 'ಜಾತಿವಿರೋಧಿ'. ಅಮೆರಿಕದ ವರ್ಣಭೇದವನ್ನು ಹೆಸರಿಸಲು ಭಾರತೀಯ ಸಮಾಜದ ಸಂದರ್ಭದಲ್ಲಿ ರೂಢವಾಗಿದ್ದ ಪದವೊಂದನ್ನು ಅಲ್ಲಿ ಬಳಸಿರುವುದು ನಮ್ಮ ಅಧ್ಯಯನಕಾರರಿಗೆ ಕುತೂಹಲಕರ. ಬ್ರಿಟಿಷ್ ಸಾರ್ವಜನಿಕ ಅಭಿಪ್ರಾಯದ ಒತ್ತಡವು ದಕ್ಷಿಣದ ವ್ಯಾಪಾರಸ್ಥರನ್ನು ತಟ್ಟಬಲ್ಲುದೆಂಬ ಐಡಾ ಅವರ ಲೆಕ್ಕಾಚಾರವೂ ಈ ಪ್ರವಾಸಗಳ ಹಿಂದಿತ್ತು.

1893ರಲ್ಲಿಯೇ ಷಿಕಾಗೊದಲ್ಲಿ ವಿಶ್ವ ಪ್ರದರ್ಶನ ನಡೆಯಿತು. ಅದರ ಅಂಗವಾದ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದುದು ನಮಗೆಲ್ಲ ಪರಿಚಿತ. ಅದೇ ಪ್ರದರ್ಶನದ ಆವರಣದಲ್ಲಿ ಐಡಾ ಮತ್ತು ಹಿರಿಯ ನಾಯಕ ಫ್ರೆಡರಿಕ್ ಡಗ್ಲಸ್ ಇನ್ನೊಂದು ಕೆಲಸದಲ್ಲಿ ತೊಡಗಿದ್ದರು. ಅಮೆರಿಕದ ಸಾಧನೆಯನ್ನು ಜಗತ್ತಿಗೆ ತೋರಿಸುವ ಆ ಉತ್ಸವದಲ್ಲಿ ಕಪ್ಪು ಅಮೆರಿಕನ್ನರಿಗೆ ಸ್ಥಾನವೇಕಿಲ್ಲ ಎಂಬುದನ್ನು ವಿವರಿಸುವ ಕಿರುಹೊತ್ತಗೆಯನ್ನು ಅವರು ಹಂಚುತ್ತಿದ್ದರು. ಅದರ ಲೇಖಕರಲ್ಲಿ ಒಬ್ಬರಾದ ವಕೀಲ ಫರ್ಡಿನಾಂಡ್ ಬಾರ್ನೆಟ್ ಅವರನ್ನು ಐಡಾ 1895ರಲ್ಲಿ ಮದುವೆಯಾದರು. ತಮ್ಮ ಹೆಸರನ್ನು ಬಿಟ್ಟುಕೊಡದೆ ವೆಲ್ಸ್-ಬಾರ್ನೆಟ್ ಎಂದು ಬರೆದುಕೊಂಡರು. ನಾಲ್ವರು ಮಕ್ಕಳ ತಾಯಿಯಾದ ಮೇಲೂ ಕೆಲಸ ನಿಲ್ಲಲಿಲ್ಲ. 1898ರಲ್ಲಿ ದಕ್ಷಿಣ ಕೆರೊಲಿನಾದ ಕಪ್ಪು ಅಂಚೆ ಅಧಿಕಾರಿ ಫ್ರೇಜರ್ ಬೇಕರ್ ಅವರ ಹತ್ಯೆಯಾದಾಗ ಮೊಲೆಯುಣ್ಣುವ ಕೂಸನ್ನು ಎತ್ತಿಕೊಂಡೇ ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷ ಮೆಕಿನ್ಲಿ ಅವರನ್ನು ಕಂಡು ಕ್ರಮಕ್ಕೆ ಒತ್ತಾಯಿಸಿದರು.

5

ಐಡಾ ಅವರ ಶೋಧ ಬರಹಕ್ಕೆ ಸೀಮಿತವಾಗಿರಲಿಲ್ಲ ಎಂಬುದಕ್ಕೆ ಎರಡು ಪ್ರಸಂಗಗಳನ್ನು ನೋಡಬಹುದು. ಇಲಿನಾಯ್ ರಾಜ್ಯದ 1905ರ ಕಾಯಿದೆಯಂತೆ, ತನ್ನ ವಶದಲ್ಲಿದ್ದ ಕೈದಿ ಗುಂಪುಹತ್ಯೆಗೆ ಈಡಾದರೆ ಶೆರಿಫ್ ಎಂಬ ಅಧಿಕಾರಿ ಹುದ್ದೆ ಕಳೆದುಕೊಳ್ಳಬೇಕಾಗಿತ್ತು. 1909ರಲ್ಲಿ ಕೈರೊ ಪಟ್ಟಣದಲ್ಲಿ ವಿಲ್ ಜೇಮ್ಸ್ ಎಂಬ ಕಪ್ಪು ಮನುಷ್ಯನ ಹತ್ಯೆಯಾಯಿತು. ಹುದ್ದೆ ಕಳೆದುಕೊಂಡ ಶೆರಿಫ್ ಮರುನೇಮಕ ಕೋರಿದಾಗ ಐಡಾ ಕೈರೊಗೆ ಹೋಗಿ ಸಂಗತಿಗಳನ್ನು ಕಲೆಹಾಕಿದರು. ರಾಜ್ಯಪಾಲರೆದುರು ತಾವೇ ವಾದ ಮಂಡಿಸಿದರು. ಶೆರಿಫ್‌ಗೆ ಹುದ್ದೆ ಮರಳಿ ದೊರೆಯಲಿಲ್ಲ. ಎರಡನೆಯದು ಅರ್ಕನ್ಸಾ ರಾಜ್ಯದ ಪ್ರಸಂಗ. 1919ರಲ್ಲಿ ಹತ್ತಿಗೆ ನ್ಯಾಯವಾದ ಬೆಲೆ ಕೇಳಲು ಸಂಘ ಕಟ್ಟಿದ ಕಪ್ಪು ಗೇಣಿದಾರರ ಮೇಲೆ ಎಲೇನ್ ಸುತ್ತಮುತ್ತ ಭೀಕರ ದಾಳಿ ನಡೆಯಿತು. ಆದರೆ ಮರಣದಂಡನೆಯಾದದ್ದು ಹನ್ನೆರಡು ಮಂದಿ ಕಪ್ಪು ಜನರಿಗೆ. ಐಡಾ ಕೈದಿಗಳ ಮನೆಯ ಹೆಂಗಸರ ಜೊತೆಯಲ್ಲಿ ಅವರಲ್ಲೊಬ್ಬರಂತೆ ಸೆರೆಮನೆಯನ್ನು ಹೊಕ್ಕು ಅವರ ಹೇಳಿಕೆಗಳನ್ನು ಪಡೆದು 1920ರಲ್ಲಿ ಪ್ರಕಟಿಸಿದರು. ಹಲವು ಸಂಘಟನೆಗಳ, ವಕೀಲರ ದೀರ್ಘ ಹೋರಾಟದ ಫಲವಾಗಿ 1923ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮಹತ್ವದ ತೀರ್ಪು ಬಂದಿತು. 1925ರ ವೇಳೆಗೆ ಹನ್ನೆರಡು ಮಂದಿಯೂ ಬಿಡುಗಡೆ ಹೊಂದಿದ್ದರು.

ಇಷ್ಟಾದರೂ ಐಡಾ ತಮ್ಮ ಜೊತೆಗಾರರ ನಡುವೆಯೂ ಒಂಟಿಯಾಗುತ್ತ ಹೋದರು. ಬಿಳಿಯ ಮಹಿಳಾ ನಾಯಕಿ ಫ್ರಾನ್ಸಿಸ್ ವಿಲರ್ಡ್ ಅವರ ಮೌನವನ್ನು ಬಹಿರಂಗವಾಗಿ ಟೀಕಿಸಿದ್ದರಿಂದ ಸುಧಾರಕರ ಮುನಿಸಿಗೆ ಗುರಿಯಾದರು. ಪ್ರತಿ ಕಪ್ಪು ಕುಟುಂಬದಲ್ಲಿಯೂ ಆತ್ಮರಕ್ಷಣೆಗೆ ಬಂದೂಕು ಇರಬೇಕೆಂದು ಬರೆದುದು ಹಲವರಿಗೆ ಅತಿಯೆನಿಸಿತು. ಸಾಮಾಜಿಕ ಸಮಾನತೆಯ ಬೇಡಿಕೆಯನ್ನು ಮುಂದೂಡುವ ಬೂಕರ್ ಟಿ. ವಾಷಿಂಗ್ಟನ್ ಅವರ ಧೋರಣೆಯನ್ನೂ ಅವರು ಒಪ್ಪಲಿಲ್ಲ. 1909ರಲ್ಲಿ ಕಪ್ಪು ಜನರ ಹಕ್ಕುಗಳಿಗಾಗಿ ರಾಷ್ಟ್ರೀಯ ಸಂಘಟನೆಯೊಂದು ರೂಪುಗೊಂಡಾಗ ಸ್ಥಾಪಕ ಸಮಿತಿಯ ಪಟ್ಟಿಯಲ್ಲಿ ಮೊದಲು ಅವರ ಹೆಸರೇ ಇರಲಿಲ್ಲ, ಅನಂತರ ಸೇರಿಸಲಾಯಿತು. 1913ರಲ್ಲಿ ಅವರು ಷಿಕಾಗೊದಲ್ಲಿ ಕಪ್ಪು ಮಹಿಳೆಯರಿಗಾಗಿ 'ಆಲ್ಫಾ ಸಫ್ರೇಜ್ ಕ್ಲಬ್' ಕಟ್ಟಿದರು. ಅದೇ ವರ್ಷ ವಾಷಿಂಗ್ಟನ್ನಿನ ಮತಾಧಿಕಾರ ಮೆರವಣಿಗೆಯಲ್ಲಿ ಕಪ್ಪು ಮಹಿಳೆಯರು ಹಿಂದೆ ನಡೆಯಬೇಕೆಂದು ಸೂಚಿಸಲಾಯಿತು. ಐಡಾ ನೋಡುಗರ ಗುಂಪಿನಿಂದ ಹೊರಬಂದು ತಮ್ಮ ರಾಜ್ಯದ ತಂಡದ ನಡುವೆ ಹೆಜ್ಜೆ ಹಾಕಿದರು. ಜನಾಂಗ ಮತ್ತು ಲಿಂಗ ಎಂಬ ಎರಡೂ ನೆಲೆಗಳ ತಾರತಮ್ಯ ಒಂದರೊಳಗೊಂದು ಹೆಣೆದುಕೊಂಡಿರುವ ಬಗೆಯನ್ನು ಈ ಪ್ರಸಂಗ ಸ್ಪಷ್ಟಪಡಿಸುತ್ತದೆ.

6

1930ರಲ್ಲಿ ಐಡಾ ರಾಜ್ಯ ಸೆನೆಟ್‌ಗೆ ಸ್ಪರ್ಧಿಸಿ ಸೋತರು. 1931ರ ಮಾರ್ಚ್ 25ರಂದು ಷಿಕಾಗೊದಲ್ಲಿ ನಿಧನರಾದರು. ಕೊನೆಯ ವರ್ಷಗಳಲ್ಲಿ ಅವರು ಆತ್ಮಕಥೆ ಬರೆಯುತ್ತಿದ್ದರು. ತನ್ನ ಹೆಸರನ್ನು ಗೌರವದಿಂದ ನೆನೆದ ತರುಣಿಯೊಬ್ಬಳಿಗೆ ತಾನು ಮಾಡಿದ್ದೇನೆಂಬುದೇ ತಿಳಿದಿರಲಿಲ್ಲ ಎಂಬ ಅನುಭವ ಆ ಬರವಣಿಗೆಗೆ ಪ್ರೇರಣೆಯಾಗಿತ್ತು. ಇತರರ ಸಾವುಗಳನ್ನು ದಾಖಲಿಸಿದವರು ತಮ್ಮ ಬದುಕನ್ನೂ ತಾವೇ ದಾಖಲಿಸಿಕೊಳ್ಳಬೇಕಾಗಿ ಬಂತು. ಆ ಕೃತಿ ಪೂರ್ಣಗೊಳ್ಳಲಿಲ್ಲ. ವಾಕ್ಯವೊಂದರ ನಡುವೆಯೇ ನಿಂತುಹೋಗಿದೆ. ಮಗಳು ಆಲ್ಫ್ರೆಡಾ ಡಸ್ಟರ್ ಅದನ್ನು ಸಂಪಾದಿಸಿದರು. 'ಕ್ರುಸೇಡ್ ಫಾರ್ ಜಸ್ಟಿಸ್' ಎಂಬ ಹೆಸರಿನಲ್ಲಿ 1970ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಪ್ರಕಾಶನದಿಂದ ಹೊರಬಂದಾಗ ಲೇಖಕಿ ತೀರಿಕೊಂಡು ನಾಲ್ಕು ದಶಕಗಳಾಗುತ್ತ ಬಂದಿದ್ದವು.

ಮನ್ನಣೆ ಬಹಳ ತಡವಾಗಿ ಬಂದಿತು. 2020ರಲ್ಲಿ ಪುಲಿಟ್ಜರ್ ಮಂಡಳಿ ಅವರಿಗೆ ಮರಣೋತ್ತರವಾಗಿ ವಿಶೇಷ ಗೌರವ ಸಲ್ಲಿಸಿತು. ಅವರು ಒತ್ತಾಯಿಸಿದ್ದ ಕಾನೂನು ಇನ್ನೂ ತಡವಾಯಿತು. 1922ರಲ್ಲಿ ಕೆಳಮನೆಯ ಒಪ್ಪಿಗೆ ಪಡೆದ ಗುಂಪುಹತ್ಯೆ ವಿರೋಧಿ ಮಸೂದೆ ಸೆನೆಟ್‌ನಲ್ಲಿ ಬಿದ್ದುಹೋಯಿತು. ಗುಂಪುಹತ್ಯೆಯನ್ನು ಒಕ್ಕೂಟದ ಮಟ್ಟದಲ್ಲಿ ಅಪರಾಧವೆಂದು ಸಾರುವ ಎಮೆಟ್ ಟಿಲ್ ಕಾಯಿದೆ ಜಾರಿಯಾದದ್ದು 2022ರಲ್ಲಿ, ಟಾಮಸ್ ಮಾಸ್ ಅವರ ಕೊಲೆಯಾಗಿ 130 ವರ್ಷಗಳ ಮೇಲೆ.

ಜೋತಿಬಾ ಫುಲೆಯವರು 1873ರ 'ಗುಲಾಮಗಿರಿ' ಕೃತಿಯನ್ನು ಅಮೆರಿಕದಲ್ಲಿ ಗುಲಾಮಗಿರಿಯ ನಿರ್ಮೂಲನಕ್ಕೆ ದುಡಿದ ಜನರಿಗೆ ಅರ್ಪಿಸಿದರು. 1946ರಲ್ಲಿ ಅಂಬೇಡ್ಕರ್ ಅವರು ಕಪ್ಪು ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದರು. ಇವೆರಡರ ನಡುವಿನ ಕಾಲದಲ್ಲಿ 'ಜಾತಿವಿರೋಧಿ' ಎಂಬ ಹೆಸರಿನ ಪತ್ರಿಕೆಯ ಆಶ್ರಯದಲ್ಲಿ ಐಡಾ ಮಾತನಾಡಿದುದನ್ನು ಇಟ್ಟು ನೋಡಿದರೆ, ಜಾತಿ ಮತ್ತು ವರ್ಣಭೇದಗಳ ತೌಲನಿಕ ಚಿಂತನೆ ಇತ್ತೀಚಿನದಲ್ಲವೆಂಬುದು ಸ್ಪಷ್ಟವಾಗುತ್ತದೆ. ನಮ್ಮ ಸಂಶೋಧನೆಗೆ ಅವರಿಂದ ದೊರೆಯುವ ಮುಖ್ಯ ಪಾಠ ವಿಧಾನಕ್ಕೆ ಸಂಬಂಧಿಸಿದ್ದು. ದಮನದ ದಾಖಲೆಗಳನ್ನು ಬಹುಮಟ್ಟಿಗೆ ದಮನ ಮಾಡಿದವರೇ ಬರೆದಿರುತ್ತಾರೆ. ಅವುಗಳನ್ನು ಬದಿಗೆ ಸರಿಸುವ ಬದಲು, ಅಲ್ಲಿ ಹೇಳಲಾದ ಕಾರಣವನ್ನು ಅಲ್ಲಿಯೇ ಇರುವ ಅಂಕಿಯೊಡನೆ, ಹೆಸರಿನೊಡನೆ, ಸ್ಥಳದ ಸಾಕ್ಷ್ಯದೊಡನೆ ತಾಳೆ ನೋಡುವ ಶಿಸ್ತು ಐಡಾ ಅವರದು. ತಾನು ನಂಬಿದ್ದುದನ್ನೂ ಈ ಪರೀಕ್ಷೆಗೆ ಒಡ್ಡಿದುದು ಆ ಶಿಸ್ತಿನ ಮೊದಲ ಹೆಜ್ಜೆಯಾಗಿತ್ತು. ಕನ್ನಡದಲ್ಲಿ ಶಾಸನ, ಕೈಫಿಯತ್ತು, ವಸಾಹತುಶಾಹಿ ವರದಿಗಳನ್ನು ಓದುವವರು ಈ ದೃಷ್ಟಿಯಿಂದ ಅವರ ಬರಹಗಳನ್ನು ಅಧ್ಯಯನ ಮಾಡುವ ಅಗತ್ಯವಿದೆ.